ಪತ್ತಿನ ಸಹಕಾರ ಸಂಘಕ್ಕೆ ಸಾಫ್ಟ್‌ವೇರ್: ವಾಟರ್‌ಫಾಲ್ ಯೋಜನೆಯನ್ನು ಹಿಡಿದು ನಡೆಸುವ ಬಗೆ

ಬೆಲೆ ಟೆಂಡರಿನಲ್ಲೇ ನಿಗದಿಯಾಗಿದೆ, ಮುಗಿಸಬೇಕಾದ ದಿನಾಂಕ ಅಲುಗುವಂಥದ್ದಲ್ಲ, ಏನು ಬೇಕೆಂಬುದು ಬಹುಪಾಲು ಕಾಯ್ದೆ ಮತ್ತು ಬೈಲಾಗಳಲ್ಲೇ ಇದೆ. ಇಂಥ ಕೆಲಸಕ್ಕೆ ವಾಟರ್‌ಫಾಲ್ ವಿಧಾನ ಈಗಲೂ ಹೊಂದುತ್ತದೆ. ಅಗತ್ಯಗಳ ದಾಖಲೆ, ವಿನ್ಯಾಸ, ಕೋಡಿಂಗ್, ಪರೀಕ್ಷೆ, ಅಳವಡಿಕೆ: ಒಂದಕ್ಕೆ ಸಹಿ ಬಿದ್ದ ಮೇಲೆ ಮುಂದಿನದು. ಈ ವಿಧಾನದಲ್ಲಿ ಯೋಜನೆ ಕೆಡುವ ಜಾಗ ಹೆಚ್ಚಾಗಿ ಎರಡೇ. ಸಹಿಯಾದ ದಾಖಲೆಯನ್ನು ಯಾರೋ ಬಾಯಿಮಾತಿನಲ್ಲಿ ತಿದ್ದುತ್ತಾರೆ. ತಡವಾದ ಕೋಡಿಂಗ್ ಪರೀಕ್ಷೆಗೆಂದು ಇಟ್ಟ ದಿನಗಳನ್ನು ನುಂಗುತ್ತದೆ. ಕೆಳಗಿನ ಕ್ರಮವೆಲ್ಲ ಈ ಎರಡನ್ನು ತಡೆಯುವುದಕ್ಕೇ ಇರುವುದು.

ಉದಾಹರಣೆಗೆ ನಾಲ್ಕು ಶಾಖೆ, 12,000 ಸದಸ್ಯರಿರುವ ಒಂದು ಪತ್ತಿನ ಸಹಕಾರ ಸಂಘವನ್ನು ಇಟ್ಟುಕೊಳ್ಳೋಣ. ಟೆಂಡರ್ ಪಡೆದ ನಿಮ್ಮ ಕಂಪನಿ ಅಲ್ಲಿನ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಬೇಕು. ಸದಸ್ಯತ್ವ ಮತ್ತು ಷೇರು, ಠೇವಣಿ (ಪಿಗ್ಮಿ ಸೇರಿ), ಸಾಲ, ಲೆಕ್ಕಪತ್ರ, ಜೊತೆಗೆ ಹಳೆಯ ದತ್ತಾಂಶದ ವರ್ಗಾವಣೆ. ಒಟ್ಟು ಮೊತ್ತ 24 ಲಕ್ಷ ರೂಪಾಯಿ.

ಮುಂದೆ ಹೋಗುವ ಮೊದಲು ಒಂದು ಮಾತು. ಈ ವಿಧಾನದ ಮೂಲವೆಂದು ಎಲ್ಲರೂ ಹೆಸರಿಸುವುದು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಮಂಡಿಸಿದ ಪ್ರಬಂಧವನ್ನು. ಆದರೆ ಹಂತಗಳನ್ನು ಒಂದರ ಕೆಳಗೊಂದು ಬರೆದು ಅಷ್ಟಕ್ಕೇ ಬಿಟ್ಟರೆ ಅಪಾಯ ಎಂದು ಎಚ್ಚರಿಸಿದವರೂ ಅವರೇ. ಹೊಸ ಬಗೆಯ ಕೆಲಸವಾದರೆ ಮೊದಲು ಒಂದು ಸಣ್ಣ ಮಾದರಿ ಕಟ್ಟಿ ನೋಡಿ, ಆಮೇಲೆ ನಿಜವಾದದ್ದನ್ನು ಕಟ್ಟಿ ಎಂದು ಅವರು ಸೂಚಿಸಿದ್ದರು. ಈ ಸಲಹೆಯನ್ನು ಕೈಬಿಡಬೇಡಿ, ಮುಂದೆ ಬೇಕಾಗುತ್ತದೆ.

ಕ್ಯಾಲೆಂಡರನ್ನು ಕೊನೆಯಿಂದ ಎಣಿಸಿ

ಸಂಘದ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೊಸ ವ್ಯವಸ್ಥೆ ಏಪ್ರಿಲ್ 1ರ ಆರಂಭಿಕ ಶಿಲ್ಕಿನಿಂದ ಶುರುವಾದರೆ ಲೆಕ್ಕ ಸಲೀಸು. ವರ್ಷದ ನಡುವೆ ಬದಲಾಯಿಸಿದರೆ ಅರ್ಧ ವರ್ಷದ ಬಡ್ಡಿ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ಲೆಕ್ಕ ಪರಿಶೋಧಕರು ಬಂದಾಗ ಎರಡನ್ನೂ ತೆರೆದಿಟ್ಟು ಹೊಂದಿಸಬೇಕಾಗುತ್ತದೆ. ಹಾಗಾಗಿ ಗುರಿ ಏಪ್ರಿಲ್ 1.

ಆದರೆ ಮಾರ್ಚ್ ತಿಂಗಳಲ್ಲಿ ಸಿಬ್ಬಂದಿ ಸಾಲ ವಸೂಲಿಯಲ್ಲಿ ಮುಳುಗಿರುತ್ತಾರೆ, ನಿಮ್ಮ ಪರದೆ ಪರೀಕ್ಷಿಸಲು ಯಾರೂ ಸಿಗುವುದಿಲ್ಲ. ಆದ್ದರಿಂದ ಬಳಕೆದಾರರ ಸ್ವೀಕೃತಿ ಪರೀಕ್ಷೆ, ಅಂದರೆ ಯುಎಟಿ, ಫೆಬ್ರವರಿ ಕೊನೆಗೆ ಮುಗಿದಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ: ಯುಎಟಿ 4 ವಾರ, ಸಿಸ್ಟಮ್ ಪರೀಕ್ಷೆ (ಎಲ್ಲ ಭಾಗಗಳನ್ನು ಜೋಡಿಸಿ ನೋಡುವುದು) 4, ಕೋಡಿಂಗ್ ಮತ್ತು ಬಿಡಿ ಪರೀಕ್ಷೆ (ಒಂದೊಂದೇ ಭಾಗವನ್ನು ನೋಡುವುದು) 10, ವಿನ್ಯಾಸ 5, ಅಗತ್ಯಗಳ ದಾಖಲೆ 6. ಒಟ್ಟು 29 ವಾರ. ಅದಕ್ಕೆ 3 ವಾರ ಮೀಸಲು. ಜುಲೈ ಮೂರನೇ ವಾರಕ್ಕೆ ಬಂದು ನಿಲ್ಲುತ್ತೀರಿ. ಗಣೇಶ ಚತುರ್ಥಿ, ದಸರಾ, ದೀಪಾವಳಿ ರಜೆಗಳಿಗೆಂದು ಇನ್ನೊಂದು ವಾರ ಹಿಂದೆ ಸರಿಯಿರಿ. ಮೀಸಲು ವಾರಗಳನ್ನು ಹಬ್ಬಕ್ಕೆ ಖರ್ಚು ಮಾಡಬಾರದು. ಹಬ್ಬ ಬರುವುದು ಮೊದಲೇ ಗೊತ್ತಿರುತ್ತದೆ, ಮೀಸಲು ಇರುವುದು ಗೊತ್ತಿಲ್ಲದ್ದಕ್ಕೆ.

ಹೀಗೆ ಜುಲೈ ಎರಡನೇ ವಾರ ಶುರುವಾದರೆ ಅಗತ್ಯಗಳ ದಾಖಲೆಗೆ ಆಗಸ್ಟ್ ಕೊನೆಯೊಳಗೆ ಸಹಿ ಬೀಳಬೇಕು. ತಪ್ಪಿದರೆ ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯ ಗಡಿಬಿಡಿಯಲ್ಲಿ ಕಾರ್ಯದರ್ಶಿಯವರು ಕೈಗೆ ಸಿಗುವುದಿಲ್ಲ.

ಅಗತ್ಯಗಳ ದಾಖಲೆ: ಇಲ್ಲಿ ಆತುರ ಬೇಡ

ಮೀಟಿಂಗಿನಲ್ಲಿ ಕೂತು "ನಿಮಗೆ ಏನು ಬೇಕು" ಎಂದು ಕೇಳಿದರೆ "ಈಗಿರುವ ಹಾಗೇ, ಆದರೆ ಬೇಗ ಆಗಬೇಕು" ಎಂಬ ಉತ್ತರ ಬರುತ್ತದೆ. ಅದರಿಂದ ಏನೂ ಹುಟ್ಟುವುದಿಲ್ಲ. ಮೊದಲ ಎರಡು ವಾರ ಕೌಂಟರಿನ ಹಿಂದೆ ಕೂರಿ. ಪ್ರತಿ ಶಾಖೆಯಿಂದ ಇವುಗಳ ಒಂದೊಂದು ಪ್ರತಿ ಪಡೆಯಿರಿ: ಬಳಕೆಯಲ್ಲಿರುವ ಎಲ್ಲ ರಸೀದಿ, ಓಚರ್ ಮತ್ತು ಅರ್ಜಿ ನಮೂನೆಗಳು, ಡೇ ಬುಕ್ಕಿನ ಒಂದು ಪೂರ್ತಿ ದಿನ, ಸಾಲದ ಲೆಡ್ಜರಿನಲ್ಲಿ ಸುಸ್ತಿಯಾದ ಹತ್ತು ಖಾತೆಗಳು, ಸಂಘದ ಬೈಲಾ, ಬಡ್ಡಿ ದರ ಬದಲಿಸಿದ ಆಡಳಿತ ಮಂಡಳಿಯ ನಿರ್ಣಯಗಳು, ಕಳೆದ ಮೂರು ವರ್ಷದ ಲೆಕ್ಕ ಪರಿಶೋಧನಾ ವರದಿಯ ಆಕ್ಷೇಪಣೆಗಳು. ಈ ಕೊನೆಯದು ಬಂಗಾರ. ಹಳೆಯ ವ್ಯವಸ್ಥೆ ಎಲ್ಲಿ ಸೋಲುತ್ತಿದೆ ಎಂಬುದನ್ನು ಸಂಘದವರು ಹೇಳುವುದಕ್ಕಿಂತ ಆಕ್ಷೇಪಣೆಗಳೇ ಚೆನ್ನಾಗಿ ಹೇಳುತ್ತವೆ.

ಪಿಗ್ಮಿ ಏಜೆಂಟರ ಜೊತೆ ಒಂದು ಸಂಜೆ ಕಳೆಯುವುದನ್ನು ಬಿಡಬೇಡಿ. ಕೈಯಲ್ಲಿನ ಸಂಗ್ರಹ ಯಂತ್ರದ ಮೊತ್ತ, ಕೌಂಟರಿಗೆ ಕಟ್ಟಿದ ನಗದು, ಗಣಕದಲ್ಲಿ ಏರಿದ ಮೊತ್ತ ಈ ಮೂರೂ ಒಂದೇ ದಿನ ತಾಳೆಯಾಗದಿದ್ದರೆ ಏನು ಮಾಡುತ್ತಾರೆ ಎಂಬುದು ಯಾವ ನಮೂನೆಯಲ್ಲೂ ಬರೆದಿರುವುದಿಲ್ಲ.

ಆಮೇಲೆ ಬರವಣಿಗೆ. ಪ್ರತಿ ಅಗತ್ಯಕ್ಕೂ ಒಂದು ಸಂಖ್ಯೆ ಇರಲಿ, ಒಂದು ಸಂಖ್ಯೆಗೆ ಒಂದೇ ಅಗತ್ಯ ಇರಲಿ. ಪರೀಕ್ಷಿಸಲು ಬರುವಂತೆ ಬರೆಯಿರಿ. "ಸುಸ್ತಿ ಬಡ್ಡಿಯನ್ನು ಸರಿಯಾಗಿ ಲೆಕ್ಕ ಹಾಕಬೇಕು" ಎಂಬ ವಾಕ್ಯಕ್ಕೆ ಸಹಿ ಹಾಕಿಸಿಕೊಂಡರೆ ಮುಂದೆ ಜಗಳಕ್ಕೆ ಸಹಿ ಹಾಕಿಸಿಕೊಂಡಂತೆ. ಬರೆಯಬೇಕಾದ್ದು ಹೀಗೆ:

"ಸಾಲ-07: ಗಡುವು ಮೀರಿದ ಅಸಲಿನ ಮೇಲೆ ಮಾತ್ರ, ಗಡುವಿನ ಮರುದಿನದಿಂದ ಪಾವತಿಯ ದಿನದವರೆಗೆ (ಎರಡೂ ದಿನ ಸೇರಿ), ವರ್ಷಕ್ಕೆ ಶೇ 2ರಂತೆ ಹೆಚ್ಚುವರಿ ಬಡ್ಡಿ. ಅಧಿಕ ವರ್ಷವಾದರೂ ವರ್ಷಕ್ಕೆ 365 ದಿನ. ಪೈಸೆಗಳನ್ನು ರೂಪಾಯಿಗೆ ಹೊಂದಿಸುವುದು ರಸೀದಿಯ ಒಟ್ಟು ಮೊತ್ತದಲ್ಲಿ ಮಾತ್ರ. ಉದಾ: ಬಾಕಿ ಅಸಲು ₹10,000, ದಿನಗಳು 73, ಹೆಚ್ಚುವರಿ ಬಡ್ಡಿ ₹40."

ಕೊನೆಯ ಉದಾಹರಣೆಯೇ ಮುಂದೆ ಮೊದಲ ಪರೀಕ್ಷಾ ಪ್ರಕರಣ. ದರ, ದಿನ, ಹೊಂದಿಸುವ ಕ್ರಮ ಬಿಟ್ಟುಹೋದರೆ ಪ್ರೋಗ್ರಾಮರ್ ತನಗೆ ತೋಚಿದ್ದನ್ನು ಬರೆಯುತ್ತಾನೆ. ಪ್ರತಿ ಖಾತೆಯಲ್ಲೂ ಐವತ್ತು ಪೈಸೆ ವ್ಯತ್ಯಾಸ ಬಂದು, ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಶಿಲ್ಕಿನ ತಾಳೆ ಪಟ್ಟಿ) ತಾಳೆಯಾಗದೆ ಎಲ್ಲರೂ ತಲೆ ಕೆರೆದುಕೊಳ್ಳುವುದು ಸಾಮಾನ್ಯವಾಗಿ ಈ ಒಂದು ಸಾಲಿನ ಕೊರತೆಯಿಂದ.

ಜೊತೆಗೇ ಒಂದು ಜಾಡು ಪಟ್ಟಿ ಶುರುಮಾಡಿ. ಎಕ್ಸೆಲ್ ಸಾಕು. ಮೊದಲ ಕಾಲಂನಲ್ಲಿ ಅಗತ್ಯದ ಸಂಖ್ಯೆ, ಮುಂದೆ ಬೈಲಾ ಅಥವಾ ನಿರ್ಣಯದ ಆಧಾರ, ವಿನ್ಯಾಸದ ಭಾಗ, ಮಾಡ್ಯೂಲ್, ಪರೀಕ್ಷಾ ಪ್ರಕರಣದ ಸಂಖ್ಯೆ. ಯಾವ ಹಂತದಲ್ಲಾದರೂ ಖಾಲಿ ಕೋಣೆ ಕಂಡರೆ ಅದು ಮರೆತುಹೋದ ಕೆಲಸ. ಆಧಾರದ ಕಾಲಂ ಖಾಲಿಯಿದ್ದರೆ ಅದು ಯಾರೋ ಒಬ್ಬರ ಆಸೆ, ಸಂಘದ ಅಗತ್ಯವಲ್ಲ.

ಸಹಿಗೆ ಮುನ್ನ ದಾಖಲೆಯನ್ನು ಕೊಟ್ಟು ಬರಬೇಡಿ, ಓದಿಸಿ. ನಾಲ್ಕೂ ಶಾಖೆಯ ವ್ಯವಸ್ಥಾಪಕರನ್ನು ಕೂರಿಸಿ ದಿನಕ್ಕೆ ಎರಡು ಗಂಟೆ, ಒಂದು ಮಾಡ್ಯೂಲ್. ಕನ್ನಡದಲ್ಲಿ ಬರೆದ ದಾಖಲೆಗೆ ಬರುವ ತಿದ್ದುಪಡಿಗಳು ಇಂಗ್ಲಿಷಿನದಕ್ಕೆ ಬರುವುದಿಲ್ಲ. ಇಂಗ್ಲಿಷಿನದಕ್ಕೆ ಬರೀ ಸಹಿ ಬರುತ್ತದೆ. ದಾಖಲೆ ಕೊಟ್ಟ 10 ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ ಒಪ್ಪಿದಂತೆ ಎಂಬ ಷರತ್ತು ಒಪ್ಪಂದದಲ್ಲೇ ಇರಲಿ. ಸಹಿಯಾದ ಪ್ರತಿಗೆ ಆವೃತ್ತಿ 1.0 ಎಂದು ಹಾಕಿ. ಅದೇ ಬೇಸ್‌ಲೈನ್, ಅಂದರೆ ಮುಂದಿನ ಬದಲಾವಣೆಗಳನ್ನೆಲ್ಲ ಅಳೆಯುವ ಮೂಲ ಪ್ರತಿ.

ಅಂದಾಜು

ಕೆಲಸವನ್ನು 8 ಗಂಟೆಗಿಂತ ಚಿಕ್ಕದಲ್ಲದ, 80 ಗಂಟೆಗಿಂತ ದೊಡ್ಡದಲ್ಲದ ತುಂಡುಗಳಾಗಿ ಒಡೆಯಿರಿ. ಅದಕ್ಕಿಂತ ದೊಡ್ಡದರ ಬಗ್ಗೆ ಹೇಳುವ ಅಂದಾಜು ಬರೀ ಊಹೆ. ಅದಕ್ಕಿಂತ ಚಿಕ್ಕದನ್ನು ಎಣಿಸುವುದು ದಂಡ. ಅಂದಾಜು ಹೇಳಬೇಕಾದವರು ಆ ಕೆಲಸ ಮಾಡುವವರೇ ಹೊರತು ಟೆಂಡರ್ ಬರೆದವರಲ್ಲ.

ಗೊಂದಲವಿರುವ ತುಂಡಿಗೆ ಮೂರು ಸಂಖ್ಯೆ ಕೇಳಿ: ಎಲ್ಲ ಚೆನ್ನಾಗಿ ನಡೆದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೈಕೊಟ್ಟರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿ, ಆರರಿಂದ ಭಾಗಿಸಿ. ಇದು 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಕಾರ್ಯಕ್ರಮದಲ್ಲಿ ಹುಟ್ಟಿದ ಪರ್ಟ್ ಸೂತ್ರ. ಬಡ್ಡಿ ಲೆಕ್ಕದ ಭಾಗಕ್ಕೆ 6, 9, 24 ದಿನ ಎಂದರು ಎನ್ನಿ: 6 + 36 + 24 = 66, ಭಾಗಿಸಿದರೆ 11 ದಿನ. ದತ್ತಾಂಶ ವರ್ಗಾವಣೆಗೆ 10, 16, 46 ಎಂದರೆ 20 ದಿನ. ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆದು ಆರರಿಂದ ಭಾಗಿಸಿದರೆ ಎಷ್ಟು ಏರುಪೇರಾಗಬಹುದೆಂದು ತಿಳಿಯುತ್ತದೆ: ಮೊದಲನೆಯದಕ್ಕೆ 3 ದಿನ, ಎರಡನೆಯದಕ್ಕೆ 6. ಎಲ್ಲ ತುಂಡುಗಳ ಪೈಕಿ ಈ ಏರುಪೇರು ದೊಡ್ಡದಿರುವುದು ಯಾವುದೋ ಅದಕ್ಕೇ ರಾಯ್ಸ್ ಹೇಳಿದ ಸಣ್ಣ ಮಾದರಿಯನ್ನು ವಿನ್ಯಾಸದ ಹಂತದಲ್ಲೇ ಕಟ್ಟಿ ನೋಡಬೇಕು. ಇಲ್ಲಿ ಅದು ದತ್ತಾಂಶ ವರ್ಗಾವಣೆ.

ಕೂಡಿಸಿದ ಮೊತ್ತವನ್ನು ಇನ್ನೊಂದು ದಾರಿಯಿಂದ ತಾಳೆ ನೋಡಿ. ಬ್ಯಾರಿ ಬೋಮ್ 1981ರಲ್ಲಿ ಕೊಟ್ಟ ಕೊಕೊಮೊ ಸೂತ್ರದಲ್ಲಿ, ಪರಿಚಿತ ಬಗೆಯ ಕೆಲಸಕ್ಕೆ, ಸಾವಿರ ಸಾಲುಗಳ ಸಂಖ್ಯೆಯನ್ನು 1.05ರ ಘಾತಕ್ಕೇರಿಸಿ 2.4ರಿಂದ ಗುಣಿಸಿದರೆ ಶ್ರಮ ಸಿಗುತ್ತದೆ. 10,000 ಸಾಲಿನ ಕೋಡಿಗೆ ಸುಮಾರು 27 ಮಾನವ-ತಿಂಗಳು (ಒಬ್ಬರು ಒಂದು ತಿಂಗಳಲ್ಲಿ ಮಾಡುವ ಕೆಲಸ ಒಂದು ಮಾನವ-ತಿಂಗಳು). ಆ ಶ್ರಮವನ್ನು 0.38ರ ಘಾತಕ್ಕೇರಿಸಿ 2.5ರಿಂದ ಗುಣಿಸಿದರೆ ಅವಧಿ, ಸುಮಾರು 8.7 ತಿಂಗಳು. ಅಂದರೆ ಸರಾಸರಿ ಮೂರು ಜನ. ಸೂತ್ರ ಹಳೆಯದು, ಇಂದಿನ ಫ್ರೇಮ್‌ವರ್ಕ್‌ಗಳ ಲೆಕ್ಕ ಅದಕ್ಕೆ ಗೊತ್ತಿಲ್ಲ, ಹಾಗಾಗಿ ಇದರ ಮೇಲೆ ಬೆಲೆ ಕಟ್ಟಬೇಡಿ. ಆದರೆ ನಿಮ್ಮ ಅಂದಾಜು 10 ಮಾನವ-ತಿಂಗಳು ಎನ್ನುತ್ತಿದ್ದರೆ ಏನೋ ಬಿಟ್ಟುಹೋಗಿದೆ. ಸಾಮಾನ್ಯವಾಗಿ ಬಿಟ್ಟುಹೋಗುವುದು ವರದಿಗಳು, ತರಬೇತಿ ಮತ್ತು ದತ್ತಾಂಶ ವರ್ಗಾವಣೆ.

ಯಾವ ಕೆಲಸ ತಡವಾದರೆ ಎಲ್ಲವೂ ತಡ

ತುಂಡುಗಳನ್ನು ಯಾವುದರ ನಂತರ ಯಾವುದು ಎಂದು ಜೋಡಿಸಿ. ನಮ್ಮ ಉದಾಹರಣೆಯಲ್ಲಿ ಡೇಟಾಬೇಸ್ ವಿನ್ಯಾಸ 10 ದಿನ. ಅದರ ನಂತರ ಸದಸ್ಯತ್ವ 12. ಅದರ ನಂತರ ಠೇವಣಿ 15 ಮತ್ತು ಸಾಲ 22 ಒಟ್ಟೊಟ್ಟಿಗೆ. ಎರಡೂ ಮುಗಿದ ಮೇಲೆ ಲೆಕ್ಕಪತ್ರ 14. ಕೊನೆಗೆ ಸಿಸ್ಟಮ್ ಪರೀಕ್ಷೆ 20. ದತ್ತಾಂಶ ವರ್ಗಾವಣೆಯ 20 ದಿನ ಡೇಟಾಬೇಸ್ ವಿನ್ಯಾಸ ಮುಗಿದೊಡನೆ ಪಕ್ಕದಲ್ಲೇ ಶುರುವಾಗಿ ಸಿಸ್ಟಮ್ ಪರೀಕ್ಷೆಗೆ ಬಂದು ಸೇರಬೇಕು.

ಸಾಲದ ದಾರಿ: 10 + 12 + 22 + 14 + 20 = 78 ದಿನ. ಠೇವಣಿಯ ದಾರಿ 71. ವರ್ಗಾವಣೆಯ ದಾರಿ 50. ಉದ್ದದ ದಾರಿಯೇ ಕ್ರಿಟಿಕಲ್ ಪಾತ್. ಸಾಲದ ಮಾಡ್ಯೂಲ್ ಒಂದು ದಿನ ತಡವಾದರೆ ಇಡೀ ಯೋಜನೆ ಒಂದು ದಿನ ತಡ. ಠೇವಣಿಗೆ 7 ದಿನದ ಸಡಿಲವಿದೆ. ಹಾಗಾಗಿ ನಿಮ್ಮಲ್ಲಿರುವ ಅತ್ಯಂತ ಅನುಭವಿಯನ್ನು ಸಾಲಕ್ಕೆ ಹಾಕಿ. ಪಿಗ್ಮಿ ಪರದೆ ಚೆಂದವಾಗಿ ಕಾಣುತ್ತದೆಂದು ಅಲ್ಲಿ ಕೂರಿಸಬೇಡಿ.

ವರ್ಗಾವಣೆಗೆ 28 ದಿನ ಸಡಿಲವಿದೆ ಎಂದು ಚಾರ್ಟ್ ಹೇಳುತ್ತದೆ. ಅದನ್ನು ನಂಬಿ ಕೂತವರೇ ಜಾಸ್ತಿ ಕೆಡುವುದು. ಏಕೆಂದು ಕೆಳಗೆ ನೋಡೋಣ.

ಪ್ರತಿ ಕೆಲಸದ ದಿನಗಳನ್ನು ಪಟ್ಟಿಯಾಗಿ ಎಳೆದು ತೋರಿಸುವ ಗ್ಯಾಂಟ್ ಚಾರ್ಟನ್ನು ಗೋಡೆಗೆ ಅಂಟಿಸುವುದು ಒಳ್ಳೆಯದೇ, ಆದರೆ ಅದರಲ್ಲಿ ಬರೀ ಪಟ್ಟಿಗಳಿದ್ದು ಯಾವುದು ಯಾವುದಕ್ಕೆ ಕಾಯುತ್ತಿದೆ ಎಂಬ ಗೆರೆಗಳಿಲ್ಲದಿದ್ದರೆ ಅದು ಅಲಂಕಾರ.

ವಿನ್ಯಾಸ ಮತ್ತು ಕೋಡಿಂಗ್

ವಿನ್ಯಾಸದ ದಾಖಲೆಯಲ್ಲಿ ಟೇಬಲ್‌ಗಳು, ಪರದೆಗಳು, ಮಾಡ್ಯೂಲ್‌ಗಳ ನಡುವೆ ಓಡಾಡುವ ಮಾಹಿತಿ, ಯಾರಿಗೆ ಯಾವ ಅಧಿಕಾರ ಇಷ್ಟಿದ್ದರೆ ಸಾಕು. ಇದೇ ಹೊತ್ತಿಗೆ ಪರೀಕ್ಷಾ ತಂಡ ಅಗತ್ಯಗಳ ದಾಖಲೆಯಿಂದ ಯುಎಟಿ ಪ್ರಕರಣಗಳನ್ನು, ವಿನ್ಯಾಸದಿಂದ ಸಿಸ್ಟಮ್ ಪರೀಕ್ಷೆಯ ಪ್ರಕರಣಗಳನ್ನು ಬರೆಯಲಿ. ವಿ-ಮಾಡೆಲ್ ಎನ್ನುವುದು ಇದನ್ನೇ. ಕೋಡ್ ನೋಡಿದ ಮೇಲೆ ಪರೀಕ್ಷೆ ಬರೆದರೆ ಕೋಡ್ ಏನು ಮಾಡುತ್ತದೋ ಅದನ್ನೇ ಸರಿ ಎನ್ನುವ ಪರೀಕ್ಷೆ ಹುಟ್ಟುತ್ತದೆ.

ಬಡ್ಡಿ ಮತ್ತು ಲೆಕ್ಕಪತ್ರದ ಕೋಡನ್ನು ಕಾಗದದ ಮೇಲೆ ಪರಿಶೀಲಿಸಿ. ಮೂರು-ನಾಲ್ಕು ಜನ, ಗಂಟೆಗೆ 150 ಸಾಲು ಮೀರದಂತೆ, ಒಂದು ಕೂಟಕ್ಕೆ ಎರಡು ಗಂಟೆ. ಮೈಕೆಲ್ ಫೇಗನ್ ಐಬಿಎಂನಲ್ಲಿ ರೂಢಿಸಿ 1976ರಲ್ಲಿ ಪ್ರಕಟಿಸಿದ ಕ್ರಮ ಇದಕ್ಕೆ ಮಾದರಿ. ತಪ್ಪು ಗುರುತಿಸುವುದಷ್ಟೇ ಅಲ್ಲಿನ ಕೆಲಸ, ಅಲ್ಲೇ ತಿದ್ದಲು ಕೂತರೆ ಹೊತ್ತು ಹೋಗುತ್ತದೆ. ಉಳಿದ ಪರದೆಗಳಿಗೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ.

ಬದಲಾವಣೆ ಬಂದೇ ಬರುತ್ತದೆ

ಅಕ್ಟೋಬರಿನಲ್ಲಿ ಅಧ್ಯಕ್ಷರು ಕರೆದು "ಸ್ವಸಹಾಯ ಗುಂಪಿನ ಸಾಲವೂ ಇರಲಿ, ಅದೇನು ದೊಡ್ಡದಲ್ಲ" ಎನ್ನುತ್ತಾರೆ. ಇಲ್ಲ ಎನ್ನಬೇಕಿಲ್ಲ, ಆಗಲಿ ಎಂದೂ ಅನ್ನಬಾರದು. "ಬರೆದುಕೊಡಿ, ಎಷ್ಟಾಗುತ್ತದೆಂದು ಐದು ದಿನದಲ್ಲಿ ಹೇಳುತ್ತೇವೆ" ಎನ್ನಿ. ಒಂದು ಪುಟದ ನಮೂನೆ ಸಾಕು: ಕ್ರಮಸಂಖ್ಯೆ, ಕೇಳಿದವರು, ಕಾರಣ, ತಾಗುವ ಅಗತ್ಯಗಳ ಸಂಖ್ಯೆ, ತಿದ್ದಬೇಕಾದ ದಾಖಲೆ ಮತ್ತು ಪರೀಕ್ಷೆಗಳು, ಶ್ರಮದ ದಿನಗಳು, ಹಣ, ಹೊಸ ಮುಕ್ತಾಯ ದಿನಾಂಕ, ತೀರ್ಮಾನ, ಸಹಿ. ತಾಗುವ ಅಗತ್ಯಗಳನ್ನು ಹುಡುಕಲು ಜಾಡು ಪಟ್ಟಿ ಈಗ ಕೈಗೆ ಬರುತ್ತದೆ.

ಸಂಘದ ಕಡೆಯಿಂದ ಕಾರ್ಯದರ್ಶಿ ಮತ್ತು ಒಬ್ಬ ನಿರ್ದೇಶಕರು, ನಿಮ್ಮ ಕಡೆಯಿಂದ ಯೋಜನಾ ವ್ಯವಸ್ಥಾಪಕರು, ಹದಿನೈದು ದಿನಕ್ಕೊಮ್ಮೆ ಕೂತು ತೀರ್ಮಾನಿಸಲಿ. ಒಪ್ಪಿದರೆ ದಾಖಲೆ ಆವೃತ್ತಿ 1.1 ಆಗುತ್ತದೆ. ವಾಟ್ಸ್‌ಆ್ಯಪ್ ಸಂದೇಶ, ಫೋನ್ ಕರೆ, ಚಹಾದ ಹೊತ್ತಿನ ಮಾತು ಯಾವುದೂ ಬದಲಾವಣೆಯ ಕೋರಿಕೆಯಲ್ಲ ಎಂದು ಮೊದಲ ಸಭೆಯ ನಡಾವಳಿಯಲ್ಲೇ ಬರೆಸಿ. ಪ್ರೋಗ್ರಾಮರ್‌ಗೆ ನೇರ ಫೋನ್ ಹೋಗದಂತೆ ನೋಡಿಕೊಳ್ಳುವುದು ವ್ಯವಸ್ಥಾಪಕರ ದಿನನಿತ್ಯದ ಕೆಲಸ. ಒಳ್ಳೆಯ ಮನಸ್ಸಿನ ಪ್ರೋಗ್ರಾಮರ್ ಸುಮ್ಮನೆ ಮಾಡಿಕೊಟ್ಟ "ಸಣ್ಣ" ತಿದ್ದುಪಡಿಗೆ ಪರೀಕ್ಷೆಯೂ ಇರುವುದಿಲ್ಲ, ದಾಖಲೆಯೂ ಇರುವುದಿಲ್ಲ.

ಎಷ್ಟು ಮುಗಿದಿದೆ?

"ತೊಂಬತ್ತು ಶೇಕಡಾ ಆಗಿದೆ" ಎಂಬ ಉತ್ತರವನ್ನು ಒಪ್ಪಬೇಡಿ. ತುಂಡು ಮುಗಿದು ಬಿಡಿ ಪರೀಕ್ಷೆ ದಾಟಿದರೆ ಅದರ ಪೂರ್ತಿ ಬೆಲೆ ಲೆಕ್ಕಕ್ಕೆ, ಇಲ್ಲದಿದ್ದರೆ ಸೊನ್ನೆ. ತುಂಡುಗಳು 80 ಗಂಟೆಯೊಳಗೇ ಇರುವುದರಿಂದ ಇದು ಅನ್ಯಾಯವಾಗುವುದಿಲ್ಲ.

16ನೇ ವಾರದ ಕೊನೆಗೆ 12 ಲಕ್ಷದ ಕೆಲಸ ಮುಗಿದಿರಬೇಕಿತ್ತು, ಮುಗಿದದ್ದು 9 ಲಕ್ಷದ್ದು, ಖರ್ಚಾದದ್ದು 11.25 ಲಕ್ಷ ಎನ್ನಿ. ಮುಗಿದದ್ದನ್ನು ಮುಗಿಯಬೇಕಾದದ್ದರಿಂದ ಭಾಗಿಸಿದರೆ 0.75: ಕಾಲು ಭಾಗ ಹಿಂದಿದ್ದೀರಿ. ಮುಗಿದದ್ದನ್ನು ಖರ್ಚಿನಿಂದ ಭಾಗಿಸಿದರೆ 0.8: ರೂಪಾಯಿಗೆ ಎಂಬತ್ತು ಪೈಸೆಯ ಕೆಲಸ ಆಗುತ್ತಿದೆ. ಇದೇ ಗತಿಯಲ್ಲಿ ಹೋದರೆ ಒಟ್ಟು ಖರ್ಚು 24 ÷ 0.8 = 30 ಲಕ್ಷ. ಈ ಲೆಕ್ಕವನ್ನು ಪ್ರತಿ ವಾರ ಮಾಡಿದ್ದರೆ 6ನೇ ವಾರದಲ್ಲೇ ವಾಲುತ್ತಿರುವುದು ಕಾಣುತ್ತಿತ್ತು.

ಹಿಂದೆ ಬಿದ್ದಾಗ ನಿಮ್ಮ ಕಂಪನಿಯ ಮಾಲೀಕರಿಗೆ ಮೊದಲು ಹೊಳೆಯುವುದು ಇನ್ನೂ ಇಬ್ಬರನ್ನು ಸೇರಿಸುವುದು. ತಡವಾದ ಸಾಫ್ಟ್‌ವೇರ್ ಯೋಜನೆಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಐಬಿಎಂನ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್ ಯೋಜನೆ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಹೊಸಬರಿಗೆ ಬಡ್ಡಿಯ ನಿಯಮ ಕಲಿಸಬೇಕಾದವರು ಕ್ರಿಟಿಕಲ್ ಪಾತ್ ಮೇಲೆ ಕೂತಿರುವ ಆ ಹಳಬರೇ ತಾನೆ. ಅದರ ಬದಲು ವರದಿಗಳ ಪೈಕಿ ಏಪ್ರಿಲ್ 1ಕ್ಕೆ ಬೇಡದವನ್ನು, ಉದಾಹರಣೆಗೆ ವರ್ಷಾಂತ್ಯದ ಲಾಭಾಂಶ ಪಟ್ಟಿಯನ್ನು, ಬದಲಾವಣೆಯ ನಮೂನೆಯ ಮೂಲಕವೇ ಮುಂದೂಡಿ.

ಪರೀಕ್ಷೆಯ ದಿನಗಳಿಗೆ ಕೈ ಹಾಕಬೇಡಿ

ಬ್ರೂಕ್ಸ್ ಅವರದೇ ಒಂದು ಅಳತೆಯಿದೆ: ಒಟ್ಟು ಅವಧಿಯಲ್ಲಿ ಮೂರನೇ ಒಂದು ಭಾಗ ಯೋಜನೆ ಮತ್ತು ವಿನ್ಯಾಸಕ್ಕೆ, ಆರನೇ ಒಂದು ಭಾಗ ಕೋಡಿಂಗಿಗೆ, ಉಳಿದ ಅರ್ಧ ಪರೀಕ್ಷೆಗೆ. ಅರ್ಧ ಎಂದು ಪ್ರಸ್ತಾವದಲ್ಲಿ ಬರೆದರೆ ಯಾರೂ ಒಪ್ಪುವುದಿಲ್ಲ, ಆದರೆ ಬಿಡಿ ಪರೀಕ್ಷೆ, ಸಿಸ್ಟಮ್ ಪರೀಕ್ಷೆ, ಯುಎಟಿ, ಜೊತೆ ಓಟ (ಹಳೆಯ, ಹೊಸ ವ್ಯವಸ್ಥೆ ಎರಡನ್ನೂ ಒಟ್ಟಿಗೆ ನಡೆಸುವುದು) ಎಲ್ಲ ಕೂಡಿಸಿ ನೋಡಿ. ಅಲ್ಲಿಗೇ ಹತ್ತಿರ ಬರುತ್ತದೆ.

ಪ್ರತಿ ಪರೀಕ್ಷೆಗೂ ಒಳಬರುವ ಮತ್ತು ಹೊರಹೋಗುವ ಷರತ್ತುಗಳನ್ನು ಮೊದಲೇ ಬರೆದಿಡಿ. ಯುಎಟಿ ಶುರುವಾಗಲು: ಎಲ್ಲ ಸಿಸ್ಟಮ್ ಪರೀಕ್ಷಾ ಪ್ರಕರಣಗಳು ಒಮ್ಮೆಯಾದರೂ ನಡೆದಿರಬೇಕು, ಹಣದ ಲೆಕ್ಕ ತಪ್ಪಿಸುವ ದೋಷ ಒಂದೂ ಉಳಿದಿರಬಾರದು. ಮುಗಿಯಲು: ಹಣದ ದೋಷ ಸೊನ್ನೆ, ಕೆಲಸ ನಿಲ್ಲಿಸುವ ದೋಷ ಸೊನ್ನೆ, ಬದಲಿ ದಾರಿಯಿರುವ ಸಣ್ಣ ದೋಷಗಳು ಪಟ್ಟಿಯಾಗಿ, ಪ್ರತಿಯೊಂದಕ್ಕೂ ದಿನಾಂಕ ಬಿದ್ದಿರಬೇಕು. ಕೋಡಿಂಗ್ ಎರಡು ವಾರ ತಡವಾದರೆ ಮೀಸಲು ವಾರಗಳು ಖರ್ಚಾಗಲಿ, ಯುಎಟಿಯ ವಾರಗಳು ಬೇಡ. ಯುಎಟಿಯಲ್ಲಿ ಕೂರಬೇಕಾದವರು ಕೌಂಟರಿನ ಗುಮಾಸ್ತರು. ಅವರು ಕಳೆದ ವರ್ಷದ ಒಂದು ನಿಜವಾದ ವಾರದ ಓಚರುಗಳನ್ನೇ ಏರಿಸಿ, ಆ ವಾರದ ಡೇ ಬುಕ್ಕಿನ ಜೊತೆ ತಾಳೆ ನೋಡಲಿ.

ಹಳೆಯ ದತ್ತಾಂಶ

ಚಾರ್ಟಿನಲ್ಲಿ 28 ದಿನದ ಸಡಿಲ ತೋರಿಸಿದ ಈ ಕೆಲಸದಲ್ಲಿ ಕರ್ನಾಟಕದ ಯೋಜನೆಗಳಿಗೇ ಬರುವ ಒಂದು ತೊಡಕಿದೆ. ಹಳೆಯ ವ್ಯವಸ್ಥೆಯಲ್ಲಿ ಸದಸ್ಯರ ಹೆಸರುಗಳು ಯೂನಿಕೋಡಿನಲ್ಲಿಲ್ಲದೆ ನುಡಿಯಂಥ ಫಾಂಟಿನ ಸಂಕೇತದಲ್ಲಿ ಕೂತಿರುತ್ತವೆ. ಪರದೆಯ ಮೇಲೆ ಕನ್ನಡ, ಒಳಗೆ ರೋಮನ್ ಅಕ್ಷರಗಳ ಸಂಕೇತ. ಪರಿವರ್ತಕಗಳು ಶುದ್ಧ ಕನ್ನಡ ಪಠ್ಯವನ್ನು ಬಹುಮಟ್ಟಿಗೆ ಸರಿಯಾಗಿ ಬದಲಿಸುತ್ತವೆ. ಕೈಕೊಡುವುದು ಒಂದೇ ಕಾಲಂನಲ್ಲಿ ಕೆಲವು ಹೆಸರು ಕನ್ನಡದಲ್ಲೂ ಕೆಲವು ಇಂಗ್ಲಿಷಿನಲ್ಲೂ ಇದ್ದಾಗ. ಯಾವುದು ಯಾವ ಫಾಂಟಿನದೆಂಬ ಗುರುತು ಡೇಟಾಬೇಸಿನಲ್ಲಿ ಇರುವುದಿಲ್ಲ, ಇಂಗ್ಲಿಷ್ ಇನಿಷಿಯಲ್‌ಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಅರ್ಕಾವತ್ತು, ಒತ್ತಕ್ಷರಗಳ ಸಾಲಿನಲ್ಲೂ ಕಣ್ಣಿಡಿ.

ಹಾಗಾಗಿ ವಿನ್ಯಾಸದ ಹಂತದಲ್ಲೇ ಒಂದು ಶಾಖೆಯ 500 ಹೆಸರು ತೆಗೆದು ಪರಿವರ್ತಿಸಿ, ಮುದ್ರಿಸಿ, ಆ ಶಾಖೆಯ ಗುಮಾಸ್ತರಿಂದ ಕೆಂಪು ಶಾಯಿಯಲ್ಲಿ ತಿದ್ದಿಸಿ. ನೂರಕ್ಕೆ ಎಷ್ಟು ತಪ್ಪು ಬಂತೋ ಅದನ್ನು 12,000ಕ್ಕೆ ಹಿಗ್ಗಿಸಿದರೆ ಕೈಯಿಂದ ತಿದ್ದಬೇಕಾದ ಹೆಸರುಗಳ ಅಂದಾಜು ಸಿಗುತ್ತದೆ. ತಿದ್ದುವವರು ಸಂಘದವರೇ ಆಗಬೇಕು, ಹಾಗೆಂದು ಒಪ್ಪಂದದಲ್ಲೂ ಇರಬೇಕು. ಹೆಸರು ಸರಿಯೋ ತಪ್ಪೋ ಹೇಳಲು ಬೇರೆ ಯಾರಿಗೂ ಬರುವುದಿಲ್ಲ.

ವರ್ಗಾವಣೆಯ ತಾಲೀಮು ಕನಿಷ್ಠ ಮೂರು ಬಾರಿ ನಡೆಯಲಿ. ಪ್ರತಿ ಸಲವೂ ತಾಳೆ ನೋಡಬೇಕಾದ್ದು: ಪ್ರತಿ ಬಗೆಯ ಖಾತೆಗಳ ಸಂಖ್ಯೆ, ಪ್ರತಿ ಲೆಕ್ಕ ಶೀರ್ಷಿಕೆಯ ಒಟ್ಟು ಶಿಲ್ಕು, ಟ್ರಯಲ್ ಬ್ಯಾಲೆನ್ಸ್, ಮತ್ತು ಶಾಖೆಗೆ 50ರಂತೆ ಆರಿಸಿದ ಖಾತೆಗಳ ಬಿಡಿ ಶಿಲ್ಕು. ಒಟ್ಟು ಹೊಂದಿತೆಂದು ಬಿಡಿಯನ್ನು ಬಿಡಬೇಡಿ. ಒಬ್ಬರ ಶಿಲ್ಕು ಇನ್ನೊಬ್ಬರ ಖಾತೆಗೆ ಹೋಗಿದ್ದರೂ ಒಟ್ಟು ಹೊಂದುತ್ತದೆ.

ಮಾರ್ಚ್ 31ರ ರಾತ್ರಿ ಮತ್ತು ಆಮೇಲೆ

ಕೊನೆಯ ತಾಲೀಮಿನಲ್ಲಿ ಗಡಿಯಾರ ಹಿಡಿದು ಪ್ರತಿ ಹೆಜ್ಜೆಗೆ ಎಷ್ಟು ನಿಮಿಷ ಎಂದು ಬರೆದಿಟ್ಟುಕೊಳ್ಳಿ. ಅದೇ ಮಾರ್ಚ್ 31ರ ರಾತ್ರಿಯ ಓಟದ ಪಟ್ಟಿ. ಹಿಂದಿರುಗುವ ಗಡುವೂ ಅದರಲ್ಲಿರಲಿ: ಬೆಳಗಿನ 4 ಗಂಟೆಯೊಳಗೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಹಳೆಯ ವ್ಯವಸ್ಥೆಯಲ್ಲೇ ಕೌಂಟರ್ ತೆರೆಯುವುದು. ಆ ತೀರ್ಮಾನ ಯಾರದ್ದೆಂದು ಹೆಸರು ಬರೆಯಿರಿ, ಇಬ್ಬರ ಹೆಸರು ಬೇಡ.

ಏಪ್ರಿಲ್ ಪೂರ್ತಿ ನಾಲ್ಕು ವಾರ ಎರಡೂ ವ್ಯವಸ್ಥೆಗಳು ಜೊತೆಗೆ ಓಡಲಿ. ಗುಮಾಸ್ತರಿಗೆ ಇದು ದುಪ್ಪಟ್ಟು ಕೆಲಸ, ಎರಡನೇ ವಾರಕ್ಕೇ ಹಳೆಯದನ್ನು ಬಿಟ್ಟುಬಿಡುತ್ತಾರೆ. ಆದ್ದರಿಂದ ಪೂರ್ತಿ ಜೊತೆ ಓಟ ಒಂದು ಶಾಖೆಯಲ್ಲಿ ಮಾತ್ರ ಇಟ್ಟು, ಉಳಿದ ಮೂರರಲ್ಲಿ ದಿನದ ನಗದು ಶಿಲ್ಕು ಮತ್ತು ಪಿಗ್ಮಿ ಮೊತ್ತವನ್ನು ಮಾತ್ರ ಕೈಯಲ್ಲಿ ಬರೆದು ತಾಳೆ ನೋಡುವುದು ನಡೆಯುವ ಮಾತು. ಏಪ್ರಿಲ್ 30ರ ಬಡ್ಡಿ ಲೆಕ್ಕ ಎರಡರಲ್ಲೂ ಒಂದೇ ಬಂದ ಮೇಲೆ ಹಳೆಯದನ್ನು ಓದಲು ಮಾತ್ರ ಬರುವಂತೆ ಮಾಡಿ. ಅಳಿಸಬೇಡಿ, ಲೆಕ್ಕ ಪರಿಶೋಧಕರು ಕೇಳುತ್ತಾರೆ. ಮೂಲ ಕೋಡ್, ಅನುಮೋದಿತ ದಾಖಲೆಗಳ ಕೊನೆಯ ಆವೃತ್ತಿ, ಜಾಡು ಪಟ್ಟಿ, ಬ್ಯಾಕಪ್‌ನಿಂದ ಮರಳಿ ತರುವ ಕ್ರಮ, ಪಾಸ್‌ವರ್ಡ್‌ಗಳ ಮುಚ್ಚಿದ ಲಕೋಟೆ ಇವುಗಳನ್ನು ಪಟ್ಟಿ ಮಾಡಿ ಒಪ್ಪಿಸಿ, ಸ್ವೀಕೃತಿ ಪಡೆದ ದಿನದಿಂದ ವಾರಂಟಿ ಅವಧಿ ಎಣಿಸಲು ಶುರುಮಾಡಿ. ಕೊನೆಯ ಕಂತಿನ ಬಿಲ್ಲಿಗೆ ಲಗತ್ತಿಸಬೇಕಾದ್ದೂ ಆ ಸ್ವೀಕೃತಿ ಪತ್ರವನ್ನೇ.